ಶಂಖಗುಡ್ಡದ ಕೋಟೆಗೆ ಎಷ್ಟು ಬಾಗಿಲು

ಬಲಗಾಲು ದೋಣಿಯಲ್ಲಿತ್ತು. ಎಡಗಾಲು ನನ್ನಿಂದ ಒಂದು ಗೇಣು ಮೇಲೆ, ಗಾಳಿಯಲ್ಲಿ ನಿಂತುಬಿಟ್ಟಿತ್ತು. ನಡುವೆ ಸಮುದ್ರ ಸೀರೆಯ ನಿರಿಗೆಯನ್ನು ನೆಕ್ಕುತ್ತಿತ್ತು.

"ಪುರ್ಸು, ಇದು ಹಸೆಮಣೆ ಅಲ್ವೇನೋ? ತಾವರೆ ಕೆತ್ತಿದ್ದಾರೆ. ಇದರ ಮೇಲೆ ಕಾಲಿಡೂದಾ?" ಎಂದರು ಕಾಲಿನ ಒಡತಿ.

ಹೌದು, ನಾನು ಒಂದು ಹಸೆಮಣೆ. ಹನ್ನೆರಡು ವರ್ಷಗಳಿಂದ ಸಾವಿರಾರು ಪಾದಗಳು ನನ್ನನ್ನು ತುಳಿದು ಈ ದ್ವೀಪಕ್ಕೆ ಇಳಿದಿವೆ. ನನ್ನ ಗುರುತು ಹಿಡಿದು ತಡೆದು ನಿಂತ ಮೊದಲ ಪಾದ ಇದು. ಕಾಲು ಅಲ್ಲೇ ಇರಲಿ. ಅಷ್ಟರಲ್ಲಿ ನನ್ನ ಕಥೆ ಹೇಳಿಬಿಡುತ್ತೇನೆ.

ಕುಮಟೆಯ ಗಣಪ ಆಚಾರಿ ಒಂದು ಮುದಿ ಹಲಸಿನ ಮರದಿಂದ ನನ್ನನ್ನೂ ನನ್ನ ಜೊತೆಯವನನ್ನೂ ಕೊಯ್ದ. ಒಬ್ಬ ವರನಿಗೆ, ಒಬ್ಬ ವಧುವಿಗೆ. ನನ್ನ ಮೇಲೆ ಎಂಟೆಸಳಿನ ತಾವರೆ ಕೆತ್ತುವಾಗ ಅವನಿಗೆ ಸೀನು ಬಂದು ಒಂದು ಎಸಳು ಬಾಳೆಹಣ್ಣಿನಂತಾಯಿತು. ಅದಕ್ಕೇ ನಾನು ವರನ ಪಾಲಿಗೆ ಬಂದೆ. ವರನ ಮಣೆಯನ್ನು ಯಾರು ನೋಡುತ್ತಾರೆ?

ಮದುವೆ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಯೊಂದು ನಮ್ಮನ್ನು ಕೊಂಡಿತು. ಹತ್ತಿರಹತ್ತಿರ ಇನ್ನೂರು ವರರನ್ನು ಹೊತ್ತೆ. ಮುಖ ಒಂದೂ ನೆನಪಿಲ್ಲ, ಕಂಡಿದ್ದರಲ್ಲವೇ ನೆನಪಿರುವುದು. ಆದರೆ ಕೆಳಗಿನಿಂದ ಒಂದು ವಿದ್ಯೆ ಕಲಿತೆ. ಖಾತ್ರಿ ಇದ್ದವರು ನಡುವೆ ಕೂರುತ್ತಾರೆ, ಅನುಮಾನ ಇದ್ದವರು ಅಂಚಿನಲ್ಲಿ. ಒಬ್ಬ ಮಹಾಶಯ ಎಷ್ಟು ಅಂಚಿನಲ್ಲಿ ಕೂತಿದ್ದನೆಂದರೆ, ಮಾಂಗಲ್ಯದ ಹೊತ್ತಿಗೆ ನಾನು ಮಗುಚಿ ಪುರೋಹಿತರ ಮೊಣಕಾಲಿಗೆ ಬಡಿದೆ. ಆಮೇಲೆ ಬಂಗಾರದ ಬಣ್ಣ ಬಳಿದ ಸೋಫಾಗಳು ಬಂದವು. ನನ್ನ ಜೊತೆಯವನ ಮೇಲೆ ಯಾರೋ ನೀರಿನ ಡ್ರಮ್ಮು ಇಟ್ಟರು. ನನ್ನನ್ನು ಪುರ್ಸು ತಾಂಡೇಲ ಕೇಳಿ ಒಯ್ದ.

ಪುರ್ಸು ಶಂಖಗುಡ್ಡಕ್ಕೆ ದೋಣಿ ಬಿಡುವವನು. ನಾನೂರು ವರ್ಷದ ಹಿಂದೆ ಪೋರ್ಚುಗೀಸರು ಕಟ್ಟಿದ ಕೋಟೆ ನೋಡಲು ಜನ ಬರುತ್ತಾರೆ. ಇಳಿಯುವಲ್ಲಿ ಪಾಚಿಗಟ್ಟಿದ ಬಂಡೆ. ಅದರ ಮೇಲೆ ನಾನು. ಬಂದವರಿಗೆ ಮರ್ಯಾದೆ ಎಂದು ಪುರ್ಸು ತಾವರೆಯನ್ನು ಮೇಲೆ ಮಾಡಿಯೇ ಇಡುತ್ತಿದ್ದ. ಕೋಟೆ ನನ್ನ ಹಿಂದೆ, ನೂರು ಮೆಟ್ಟಿಲು ಮೇಲೆ. ನಾನು ಕಂಡವನಲ್ಲ. ಇಳಿದು ಬಂದವರು ಹೇಳಿದ್ದಷ್ಟೇ ಗೊತ್ತು: ಎಂತದೂ ಇಲ್ಲ, ಬರೀ ಕಲ್ಲು.

ಇನ್ನು ಆ ಕಾಲಿನ ವಿಷಯ. ಅದು ಕುಮುದಾ ಅಕ್ಕೋರ ಕಾಲು. ದಂಡೆಯ ಶಾಲೆಯಲ್ಲಿ ಮೂವತ್ತೈದು ವರ್ಷ ಐದನೇ ಇಯತ್ತೆಗೆ ಕಲಿಸಿ ಹೋದ ವರ್ಷ ನಿವೃತ್ತರಾದವರು. ಪ್ರತಿ ವರ್ಷ ಒಂದು ಪ್ರಶ್ನೆ ತಪ್ಪದೆ ಕೇಳುತ್ತಿದ್ದರು: ಶಂಖಗುಡ್ಡದ ಕೋಟೆಗೆ ಎಷ್ಟು ಬಾಗಿಲು? ಉತ್ತರ, ಏಳು. ಅಂಕ, ಒಂದು. ಏಳು ಎಂದು ಅವರಿಗೆ ಹೇಳಿದವರು ಅವರ ಹಿಂದಿನ ಮಾಸ್ತರರು. ಸಮುದ್ರವೆಂದರೆ ತಲೆ ತಿರುಗುವ ಅಕ್ಕೋರು ಕೋಟೆಯನ್ನು ಕಿಟಕಿಯಿಂದಲೇ ಕಲಿಸಿದ್ದರು.

ಮೂವತ್ತಮೂರು ವರ್ಷದ ಹಿಂದೆ ಒಬ್ಬನೇ ಒಬ್ಬ ಹುಡುಗ ಉತ್ತರ ಒಂದು ಎಂದು ಬರೆದ. ಅಪ್ಪನ ದೋಣಿಯಲ್ಲಿ ಹೋಗಿ ಕಣ್ಣಾರೆ ನೋಡಿ ಬಂದವನು ಪುರ್ಸು. ಅವನಿಗೆ ಒಟ್ಟು ಬಂದದ್ದು ಮೂವತ್ತನಾಲ್ಕು ಅಂಕ. ಪಾಸಾಗಲು ಬೇಕಿದ್ದದ್ದು ಮೂವತ್ತೈದು. ಅಪ್ಪ ಶಾಲೆ ಬಿಡಿಸಿ ಕೈಗೆ ಹುಟ್ಟು ಕೊಟ್ಟ. ಬಲೆ ಹರಿದರೂ, ಎಂಜಿನ್ನು ಕೆಟ್ಟರೂ, ಹೆಂಡತಿ ಬೈದರೂ ಪುರ್ಸು ಹೇಳುವುದು ಒಂದೇ ಮಾತು: ಆ ಒಂದು ಅಂಕ ಬಂದಿದ್ದರೆ.

ಈಗ ಅಕ್ಕೋರು ಬರೆದ ಊರಿನ ಚರಿತ್ರೆ ಅಚ್ಚಿಗೆ ಹೋಗುವುದಿತ್ತು. ಒಮ್ಮೆ ಕಣ್ಣಲ್ಲಿ ನೋಡಿ ಬಿಡೋಣವೆಂದು ಧೈರ್ಯ ಮಾಡಿದ್ದರು. ಪುರ್ಸು ಬೆಳಿಗ್ಗೆಯೇ ಗಡ್ಡ ಹೆರೆದು, ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ. ಅಂಕ ಬರುವ ದಿನ.

ಗಾಳಿಯಲ್ಲಿದ್ದ ಕಾಲಿಗೆ ಅವನು ಕೂಡಲೇ ಉಪಾಯ ಹುಡುಕಿದ. ನನ್ನನ್ನು ಮಗುಚಿ ಹಾಕಿದ. ತಾವರೆ ಬಂಡೆಗೆ, ಬೆನ್ನು ಆಕಾಶಕ್ಕೆ. ಅಕ್ಕೋರು ನಮಸ್ಕಾರ ಮಾಡಿ ಇಳಿದರು. ಆದರೆ ಹತ್ತು ಮೆಟ್ಟಿಲಿಗೆ ಮಂಡಿ ಹಿಡಿಯಿತು. ಅವರಿಗೆ ಅಲ್ಲಲ್ಲಿ ಕೂರಲು ಬೇಕೆಂದು ಪುರ್ಸು ಓಡಿ ಬಂದು ನನ್ನನ್ನು ತಲೆಯ ಮೇಲೆ ಹೊತ್ತ. ಹೀಗೆ, ಹನ್ನೆರಡು ವರ್ಷದ ಮೇಲೆ, ನಾನೂ ಕೋಟೆ ನೋಡಲು ಹೊರಟೆ.

ಬಾಗಿಲ ಎದುರಿಗೆ ನನ್ನನ್ನು ಇಟ್ಟ. ಅಕ್ಕೋರು ಸರಿಯಾಗಿ ನಡುವೆ ಕೂತರು. "ಇದು ಒಂದು. ಇನ್ನು ಆರು," ಎಂದರು.

ಒಳಗೆ ಹೋಗಿ ಗೋಡೆಯ ಉದ್ದಕ್ಕೂ ಹೊರಟೆವು. ಮೂಲೆಗೊಮ್ಮೆ ನಾನು ಕೆಳಗೆ, ಅಕ್ಕೋರು ಮೇಲೆ. ಮೊದಲ ಮೂಲೆಯಲ್ಲಿ ಆಲದ ಬೇರು ಇತ್ತು. ಎರಡನೆಯದರಲ್ಲಿ ಆಡುಗಳಿದ್ದವು. ಆಡು ಒಳಗೆ ಬಂದದ್ದು ಹೇಗೆ ಎಂದು ಅಕ್ಕೋರು ಆಸೆಯಿಂದ ಕೇಳಿದರು. ತನ್ನ ದೋಣಿಯಲ್ಲೇ, ಆಮೇಲೆ ಆ ಬಾಗಿಲಲ್ಲೇ, ಎಂದ ಪುರ್ಸು. ಮೂರನೆಯ ಮೂಲೆಯಲ್ಲಿ ಫಿರಂಗಿ ಕಿಂಡಿಗಳಿದ್ದವು. ಅವನ್ನು ಅಕ್ಕೋರು ಬಹಳ ಹೊತ್ತು ನೋಡಿದರು. ಅವುಗಳಲ್ಲಿ ಬೆಕ್ಕು ಮಾತ್ರ ನುಸುಳಬಹುದಿತ್ತು. ಅಷ್ಟರಲ್ಲಿ ಅವರು ನನ್ನ ಅಂಚಿಗೆ ಬಂದಿದ್ದರು.

ನಾಲ್ಕನೆಯ ಮೂಲೆಯಲ್ಲಿ ಮಳೆನೀರು ಹೊರಗೆ ಹೋಗುವ ತೂಬು. ಅಕ್ಕೋರು ಎದ್ದರು.

"ಮನುಷ್ಯ ದಾಟಿದರೆ ಅದು ಬಾಗಿಲೇ. ಹೊಗ್ಗು ತಮಾ."

ಪುರ್ಸುವಿಗೆ ನಲವತ್ತನಾಲ್ಕು. ಆದರೂ ಅಕ್ಕೋರು ಹೇಳಿದ ಮೇಲೆ ನುಗ್ಗಲೇಬೇಕು. ತಲೆ ಹೋಯಿತು. ಹೆಗಲು ಹೋಯಿತು. ಅಲ್ಲಿ ಅವನು ಉಸಿರು ಎಳೆದು ಹೊಟ್ಟೆ ಉಬ್ಬಿಸಿದ್ದನ್ನು ನೆಲದ ಮೇಲಿದ್ದ ನಾನು ನೋಡಿದೆ.

"ಉಸಿರು ಬಿಡು," ಎಂದರು ಅಕ್ಕೋರು.

"ಬಿಟ್ಟೇ ಇದ್ದೇನ್ರಿ," ಎಂದಿತು ಗೋಡೆಯ ಆಚೆಯಿಂದ ಒಂದು ಇಕ್ಕಟ್ಟಿನ ದನಿ.

"ಐದನೇ ಇಯತ್ತೆಯಲ್ಲೂ ಹೀಗೇ ಸುಳ್ಳು ಹೇಳ್ತಿದ್ದೆ. ಕಾಣ್ತದೆ ನಂಗೆ, ಹೊಟ್ಟೆ ಡೋಲಿನ ಹಾಗೆ ಆಗಿದೆ."

ಅವನು ಬಿಡಲಿಲ್ಲ. ಕೊನೆಗೆ ಅಕ್ಕೋರೇ ಕಾಲು ಹಿಡಿದು ಎಳೆದರು. ಇಸ್ತ್ರಿ ಅಂಗಿಯ ಗುಂಡಿಗಳು ತೂಬಿನಲ್ಲೇ ಉಳಿದವು.

ಅಕ್ಕೋರು ಮತ್ತೆ ಕೂತರು, ತುದಿಯ ಅಂಚಿನಲ್ಲಿ. ಮಗುಚಿಬಿಡುತ್ತೇನೋ ಎಂದು ನನಗೆ ಹೆದರಿಕೆಯಾಯಿತು. ಎಷ್ಟು ಮಕ್ಕಳಿಗೆ ಏಳು ಎಂದು ಕಲಿಸಿದೆ ಎಂದು ಮೆಲ್ಲಗೆ ಹೇಳಿಕೊಂಡರು, ಯಾರಿಗೂ ಅಲ್ಲ. ನಾನು ಹೊತ್ತ ಇನ್ನೂರು ವರರಲ್ಲಿ ಒಬ್ಬನೂ ಅಷ್ಟು ಭಾರವಿರಲಿಲ್ಲ.

ನನಗೂ ವಯಸ್ಸಾಗಿದೆ. ಎಂಟೆಸಳಿನಲ್ಲಿ ಮೂರು ಉಳಿದಿವೆ, ಬಾಳೆಹಣ್ಣಿನದೂ ಸೇರಿ. ಉಪ್ಪುನೀರು ಕುಡಿದು ಮೈ ಬಿರಿದಿದೆ. ಇನ್ನೊಂದು ಮಳೆಗಾಲ ಕಳೆದರೆ ಪುರ್ಸುವಿನ ಒಲೆಗೇ ಹೋಗುವವನು. ಮನುಷ್ಯರು ಕೂರಲೆಂದು ಹುಟ್ಟಿದೆ, ತುಳಿಸಿಕೊಂಡು ಬದುಕಿದೆ. ಆ ದಿನ ಮಾತ್ರ ಒಬ್ಬರು ನನ್ನ ಮೇಲೆ ಕೂತು ಏಳನ್ನು ಬಿಟ್ಟುಕೊಡುತ್ತಿದ್ದರು. ಅಲುಗದೆ ಹಿಡಿದುಕೊಂಡೆ. ಮಣೆ ಇನ್ನೇನು ಮಾಡಬಲ್ಲದು?

ಅಕ್ಕೋರು ಚೀಲದಿಂದ ಹಸ್ತಪ್ರತಿ ತೆಗೆದರು. ಕೆಂಪು ಪೆನ್ನೂ ಬಂತು. ಏಳು ಎಂದಿದ್ದಲ್ಲಿ ಗೀಟು ಎಳೆದರು. ಪುರ್ಸು ಗುಂಡಿಯಿಲ್ಲದ ಅಂಗಿಯನ್ನು ಕೈಯಲ್ಲಿ ಹಿಡಿದುಕೊಂಡು, ಐದನೇ ಇಯತ್ತೆಯವನ ಹಾಗೆ ಎದುರು ನಿಂತ. ಅಕ್ಕೋರು ತೂಬನ್ನು ನೋಡಿದರು, ಅವನನ್ನು ನೋಡಿದರು. ಒಂದೂವರೆ ಎಂದು ಬರೆದರು. ಆಮೇಲೆ ಸರಿದು ನನ್ನ ನಡುವೆ ಕೂತರು.

"ಅರ್ಧ ನೀ ದಾಟಿದ್ದು ಖರೆ. ಅದಕ್ಕೆ ಅರ್ಧ ಬಾಗಿಲು. ನಿನ್ನ ಉತ್ತರ ಅರ್ಧ ಸರಿ. ಅರ್ಧ ಅಂಕ ಕೊಡ್ತೇನೆ ತಮಾ. ಮೂವತ್ತನಾಲ್ಕೂವರೆ ಅಂದ್ರೆ ಮೂವತ್ತೈದೇ ಲೆಕ್ಕ. ನೀ ಪಾಸು."

ಪುರ್ಸು ಹೊಟ್ಟೆಗೆ ಮೆತ್ತಿದ್ದ ಪಾಚಿ ಒರೆಸಿಕೊಂಡ.

"ಬ್ಯಾಡ್ರಿ ಅಕ್ಕೋರೆ," ಎಂದ. "ಬಾಗಿಲು ಒಂದೇ. ಅರ್ಧ ಅಂಕ ನಂಗೆ ಬ್ಯಾಡ."