ಒಂದು ಟಿಕ್ ಗುರುತು

ನಾನು ಒಂದು ಕಂಪ್ಯೂಟರ್. ಹುಬ್ಬಳ್ಳಿಯ ಅಂಗಡಿಯೊಂದರ ಮಹಡಿಯಲ್ಲಿ ನನ್ನನ್ನು ಜೋಡಿಸಿದರು. ಮೊದಲ ಮೂರು ವರ್ಷ ಒಬ್ಬ ವಕೀಲರ ಮೇಜಿನ ಮೇಲಿದ್ದೆ. ಅವರು ಹೊಸದು ಕೊಂಡಾಗ ಕುಷ್ಟಗಿಯ ಚಾಂದಬಿಯ ಕೈ ಸೇರಿದೆ.

ಚಾಂದಬಿ ತಾಲ್ಲೂಕು ಕಚೇರಿಯ ಎದುರು ಆನ್‌ಲೈನ್ ಅರ್ಜಿ ತುಂಬಿಕೊಡುವ ಸಣ್ಣ ಅಂಗಡಿ ಇಟ್ಟಿದ್ದಳು. ಟೈಪಿಂಗ್ ಕಲಿತ ಕೈ, ಬೆರಳು ಹಗುರ. ಬೆಳಿಗ್ಗೆ ಸೆರಗಿನಿಂದ ನನ್ನ ಮುಖ ಒರೆಸಿ, "ಬಿಸ್ಮಿಲ್ಲಾ" ಎಂದು ಗುಂಡಿ ಒತ್ತುತ್ತಿದ್ದಳು. ಓದು ಬಾರದವರಿಗೆ ಅರ್ಜಿಯನ್ನು ಎರಡೆರಡು ಸಲ ಓದಿ ಹೇಳುತ್ತಿದ್ದಳು.

ಒಮ್ಮೆ ಗಿರಾಕಿಗಳ ಫೋಟೊ ಸಣ್ಣದು ಮಾಡಲೆಂದು ಬಿಟ್ಟಿ ಸಿಗುವ ತಂತ್ರಾಂಶವೊಂದನ್ನು ಇಳಿಸಿಕೊಂಡಳು. ಅದರ ಬೆನ್ನಿಗೇ ವೈರಸ್ಸೂ ಬಂತು. ನಾನು ಹೊರಗೆ ಕಳಿಸುವುದೆಲ್ಲ ಮೊದಲು ತನ್ನ ಕೈಗೇ ಬರಬೇಕೆಂದು ಅದು ನನ್ನ ಸೆಟ್ಟಿಂಗ್‌ನಲ್ಲಿ ಒಂದು ಟಿಕ್ ಹಾಕಿಟ್ಟಿತು. ಪರದೆ ತುಂಬ ಜಾಹೀರಾತುಗಳು ಕುಣಿಯತೊಡಗಿದವು. ರಿಪೇರಿಯ ವೀರೇಶ ಒಂದು ಬೆಳಿಗ್ಗೆ ಬಂದು ವೈರಸ್ ತೆಗೆದು ಹಾಕಿದ.

"ಸ್ವಚ್ಛ ಆತ್ರೀ ಅಕ್ಕಾ," ಎಂದು ಚೀಲ ಹೆಗಲಿಗೇರಿಸಿ ಬೇರೆ ಊರಿಗೆ ಹೊರಟುಹೋದ.

ವೈರಸ್ ಹೋಗಿತ್ತು. ಟಿಕ್ ಹಾಗೇ ಉಳಿದಿತ್ತು. ನಾನು ಪ್ರತಿ ಮಾತನ್ನೂ ಆ ಸತ್ತ ವೈರಸ್ಸಿನ ಕೈಗೇ ಒಯ್ದು ಕೊಡುತ್ತಿದ್ದೆ. ತೆಗೆದುಕೊಳ್ಳುವವರು ಯಾರೂ ಇರಲಿಲ್ಲ.

ಅದೇ ದಿನ ಹನ್ನೊಂದಕ್ಕೆ ಹುಲಿಗೆಮ್ಮ ಬಂದಳು. ತನ್ನ ಹಳ್ಳಿಯ ಅಂಗನವಾಡಿಯಲ್ಲಿ ನಾಲ್ಕು ವರ್ಷದಿಂದ ಮಕ್ಕಳ ಮೂಗು ಒರೆಸಿ, ಹಾಡು ಕಲಿಸಿ, ಯಾರೂ ನೇಮಿಸದೆಯೇ ದುಡಿದವಳು. ಈಗ ಕಾರ್ಯಕರ್ತೆಯ ಹುದ್ದೆಗೆ ಅರ್ಜಿ ಕರೆದಿದ್ದರು. ಅಂದೇ ಸಂಜೆ ಐದೂವರೆಗೆ ಕೊನೆ. ಮುಂದಿನ ತಿಂಗಳು ಅವಳಿಗೆ ವಯಸ್ಸು ಮೀರುತ್ತಿತ್ತು.

ಪುಟ ತೆರೆಯಲಿಲ್ಲ. ಚಾಂದಬಿ ವೈರು ಕಿತ್ತು ಚುಚ್ಚಿದಳು, ನನ್ನನ್ನು ಆರಿಸಿ ಹಚ್ಚಿದಳು. ಅದೇ ನೆಟ್ಟಿನಲ್ಲಿ ಅವಳ ಮೊಬೈಲ್ ನಡೆಯುತ್ತಿತ್ತು. ಆದರೆ ಮೊಬೈಲಿನಲ್ಲಿ ಅರ್ಜಿಯ ಪುಟ ಸಹಿಯ ಚಿತ್ರ ಏರಿಸುವಲ್ಲಿಗೆ ಬಂದು ನಿಂತುಬಿಡುತ್ತಿತ್ತು. ವೀರೇಶ ಫೋನಿನಲ್ಲಿ, "ಲೈನಿಂದೇ ತೊಂದ್ರಿ ಇರಬೇಕ್ರಿ," ಎಂದ.

ಹುಲಿಗೆಮ್ಮ ಎದ್ದು ನಿಂತಳು. "ಬಸ್ ಸ್ಟ್ಯಾಂಡ್ ಹತ್ರ ಇನ್ನೊಂದ ಅಂಗಡಿ ಐತಂತಲ್ರೀ ಅಕ್ಕಾ. ಅಲ್ಲಿ ಹೋಗಿ ನೋಡ್ಲೇನ್ರಿ?"

"ಬಿಸಲಾಗ ಎಲ್ಲಿ ಹೊಕ್ಕೀಯವ್ವ? ಇನ್ನ ಹತ್ತ ನಿಮಿಷ ತಡಿ. ಈಗ ಸರಿ ಆಕ್ಕತಿ."

ಹುಲಿಗೆಮ್ಮ ನಂಬಿ ಕೂತಳು. ಚಾಂದಬಿ ಬೆವರಿನ ಕೈಯಲ್ಲಿ ಏನೇನೋ ಒತ್ತಿದಳು. ಊಟಕ್ಕೂ ಏಳಲಿಲ್ಲ. ನನಗೆ ಎಲ್ಲವೂ ಗೊತ್ತಿತ್ತು, ಹೇಳಲು ಬಾಯಿ ಇರಲಿಲ್ಲ. "ಸರ್ವರ್ ಸಿಗುತ್ತಿಲ್ಲ" ಎಂಬ ಒಂದೇ ಸಾಲನ್ನು ಮತ್ತೆ ಮತ್ತೆ ತೋರಿಸಿದೆ.

ಮೂರೂವರೆಗೆ ಇಬ್ಬರೂ ಆ ಇನ್ನೊಂದು ಅಂಗಡಿಗೆ ಓಡಿದರು. ಅಲ್ಲಿ ರಸ್ತೆಯವರೆಗೆ ಸಾಲು, ಹೊಸಬರಿಗೆ ಚೀಟಿ ಕೊಡುವುದನ್ನು ನಿಲ್ಲಿಸಿದ್ದರು. ಮರಳಿ ಬಂದ ಚಾಂದಬಿ ನನ್ನ ಸೆಟ್ಟಿಂಗ್‌ಗಳ ಒಂದೊಂದೇ ಪುಟ ತೆರೆದು, ಅರ್ಥವಾಗದ ಇಂಗ್ಲಿಷನ್ನು ಬೆರಳಿಟ್ಟು ಓದತೊಡಗಿದಳು. ವೈರಸ್ ಟಿಕ್ ಹಾಕಿಟ್ಟಿದ್ದ "ಪ್ರಾಕ್ಸಿ" ಎಂಬಲ್ಲಿ ಬೆರಳು ನಿಂತಿತು.

"ಇದನ್ನ ನಾ ಹಾಕಿಲ್ಲಲ್ಲ," ಎಂದು ಟಿಕ್ ತೆಗೆದಳು.

ಪುಟ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ಅಷ್ಟು ಬೇಗ ನಾನು ಯಾವತ್ತೂ ಪುಟ ತಂದಿರಲಿಲ್ಲ. ಕೆಂಪು ಅಕ್ಷರದಲ್ಲಿ "ಅರ್ಜಿ ಸಲ್ಲಿಸುವ ಅವಧಿ ಮುಗಿದಿದೆ" ಎಂದಿತ್ತು. ಐದು ನಲವತ್ತೊಂದಾಗಿತ್ತು.

ಚಾಂದಬಿ ಬಾಯಿಗೆ ಸೆರಗು ಒತ್ತಿಕೊಂಡಳು. "ನಾನ ನಿನ್ನ ತಡದೆ, ನಮ್ಮವ್ವಾ."

ಬೈದಿದ್ದರೆ ಚೆನ್ನಾಗಿತ್ತು. ಹುಲಿಗೆಮ್ಮ ಅಂಕಪಟ್ಟಿಯನ್ನು ಮಡಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡಳು. "ಇರ್ಲಿ ಬಿಡ್ರಿ. ನೀವು ಉಂಡಿಲ್ಲ, ಮನಿಗೆ ಹೋಗ್ರಿ," ಎಂದು ಬಸ್ಸಿಗೆ ಹೊರಟಳು. ಮತ್ತೆ ಬರಲಿಲ್ಲ.

ಆಮೇಲೆ ನನಗೇನೂ ರೋಗವಿರಲಿಲ್ಲ. ಆದರೂ ಪುಟ ತುಸು ತಡವಾದರೆ ಸಾಕು, ಚಾಂದಬಿ, "ನನ್ನ ಹತ್ರ ಆಗಂಗಿಲ್ಲ, ಬ್ಯಾರೆ ಕಡಿ ಹೋಗ್ರಿ," ಎಂದು ಬಂದವರನ್ನು ಕಳಿಸಿಬಿಡುತ್ತಿದ್ದಳು. ಜನ ಬರುವುದು ಕಡಿಮೆಯಾಯಿತು. ವರ್ಷ ತುಂಬುವುದರೊಳಗೆ ಅಂಗಡಿ ಮುಚ್ಚಿತು.

ಈಗ ಗಂಗಾವತಿಯ ಗುಜರಿಯಲ್ಲಿ, ತುಕ್ಕು ಹಿಡಿದ ಕೂಲರುಗಳ ನಡುವೆ ಬಿದ್ದಿದ್ದೇನೆ. ವಕೀಲರ ಮೇಜಿನ ಮೇಲೆ ಜಗಳ, ಮೋಸ ಬೇಕಾದಷ್ಟು ಕಂಡಿದ್ದೆ; ಅಲ್ಲಿ ಕೆಟ್ಟವರು ಯಾರೆಂದು ತೋರಿಸಬಹುದಿತ್ತು. ಆ ದಿನ ಅಂಗಡಿಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಒಬ್ಬಳು ಪ್ರೀತಿಯಿಂದ ತಡಿ ಅಂದಳು, ಇನ್ನೊಬ್ಬಳು ನಂಬಿ ಕಾದಳು. ನಾಳೆ ಸುತ್ತಿಗೆಯವ ನನ್ನನ್ನು ಬಿಚ್ಚುತ್ತಾನಂತೆ. ಬಿಚ್ಚಲಿ.