ಕುಣಿಯ ಮಣ್ಣು

"ಸುಣ್ಣದ ಬಕೀಟು ಕೆಳಗಿಡ್ರಿ ಸಾವಕಾರ್ರ," ಎಂದಳು ದೌಲತಬಿ, ಮಗ್ಗದ ಕುಣಿಯಲ್ಲಿ ಸೊಂಟದವರೆಗೆ ಇಳಿದು ನಿಂತು. "ಮೊದಲ ಮಣ್ಣು ತಗೀಬೇಕು, ಆಮ್ಯಾಲೆ ಸುಣ್ಣ. ಈಗ ಹಾಕಿದ್ರ ಕಣ್ಣು ಹೋಗ್ತಾವು."

ಕಾಶಪ್ಪ ಬಕೀಟು ಇಡಲಿಲ್ಲ. ಗುಳೇದಗುಡ್ಡದಲ್ಲಿ ಅವನವು ಆರು ಬಾಡಿಗೆ ಮನೆ. ಇದ್ದವರು ಬಿಟ್ಟರೆ, ಸತ್ತರೆ, ಹೆತ್ತರೆ, ಹೇಳದೆ ಓಡಿಹೋದರೆ ಆ ಮನೆ ತಿಕ್ಕಿ ತೊಳೆದು ಸುಣ್ಣ ಬಳಿಯುವವಳು ದೌಲತಬಿ. ಇಪ್ಪತ್ತು ವರ್ಷದಲ್ಲಿ ಅವಳು ಬ್ಯಾಡ ಅಂದದ್ದು ಇದೇ ಮೊದಲು.

ಈ ಮನೆಯಲ್ಲಿ ಎರಡು ವರ್ಷ ಇದ್ದವನು ನೂಲಿಗೆ ಬಣ್ಣ ಹಾಕುತ್ತೇನೆಂದು ಹೇಳಿ ಊರಿಗೇ ಟೋಪಿ ಹಾಕಿದ್ದ. ಒಳಗೆ ನಡೆದದ್ದು ಕಳ್ಳಭಟ್ಟಿ. ಕೊಳೆತ ಬೆಲ್ಲ, ಸೇರುಗಟ್ಟಲೆ ನವಸಾಗರ, ಜಜ್ಜಿದ ಬ್ಯಾಟರಿ ಸೆಲ್ಲು, ಹೆಸರಿಲ್ಲದ ಇನ್ನೆಂಥದೋ ಎಣ್ಣೆ. ಓಣಿಯವರು ನಾತ ತಾಳದೆ ದೂರಲು ಬಂದಾಗ ಕಾಶಪ್ಪ ಅವರ ಬಾಯಿ ಮುಚ್ಚಿಸಿದ್ದ. ಮೂಗನ್ನು ಅವರವರೇ ಮುಚ್ಚಿಕೊಂಡರು. ಬೇವೂರಿನ ಇಬ್ಬರು ಕುಡಿದು ಕುರುಡರಾದ ಮೇಲೆ ಫೌಜದಾರ ಬಂದ. ಹದಿನಾಲ್ಕು ಕೊಡಗಳನ್ನು ಹೊರಗೆ ಹೊರುವ ತ್ರಾಸು ಯಾಕೆಂದು ಅಲ್ಲೇ ಒಡೆಸಿದ, ಪಂಚನಾಮೆ ಬರೆಸಿದ, ಬೀಗ ಜಡಿದು ಹೋದ. ಹರಿದದ್ದೆಲ್ಲ ತಗ್ಗು ಹುಡುಕಿಕೊಂಡು ಕುಣಿಗಿಳಿದು ಮೂರು ತಿಂಗಳು ಇಂಗಿತು.

ಈಗ ಬೀಗ ತೆಗೆದಿತ್ತು. ಕುಪ್ಪಸದ ಖಣ ನೇಯುವ ಗುರಪ್ಪ ಮಗ್ಗ ಬಿಚ್ಚಿ ಗಾಡಿಯಲ್ಲಿ ಹೇರಿಕೊಂಡು ಬಂದು, ಹೆಂಡತಿ ರೇಣವ್ವನೊಂದಿಗೆ ಬಾಗಿಲಲ್ಲಿ ನಿಂತಿದ್ದ. ಹಳೆಯ ಮನೆ ಬಿಟ್ಟಾಗಿತ್ತು. ನಾಳೆಯಿಂದ ಆ ಕುಣಿಯಲ್ಲಿ ಕಾಲಿಳಿಬಿಟ್ಟು ಹಗಲಿಡೀ ಕೂರುವವನು ಅವನು. ಅವನು ಎದ್ದಾಗ ಅಲ್ಲಿ ಕೂರುವವಳು ಆರು ತಿಂಗಳ ಬಸುರಿ ರೇಣವ್ವ.

ದೌಲತಬಿಯ ಅಪ್ಪ ಪಾತ್ರೆಗೆ ಕಲಾಯಿ ಹಾಕುವವನು. ಕಾದ ಹಂಡೆಗೆ ನವಸಾಗರ ಉಜ್ಜಿದಾಗ ಏಳುವ ಹೊಗೆಯಲ್ಲೇ ಅವಳು ಬೆಳೆದಿದ್ದಳು. ಸಣ್ಣವಳಿದ್ದಾಗ ಒಮ್ಮೆ ನವಸಾಗರವನ್ನು ಹಸಿ ಸುಣ್ಣದ ಮೇಲೆ ಚೆಲ್ಲಿ ಎರಡು ದಿನ ಕಣ್ಣು ಬಿಟ್ಟಿರಲಿಲ್ಲ. ತೋಳುದ್ದ ಮಣ್ಣು ಅಗೆದು ಹೊರಗೆ ಹಾಕಬೇಕು, ಬೇರೆ ಮಣ್ಣು ತುಂಬಿ ಎಂಟು ದಿನ ಒಣಗಿಸಬೇಕು ಎಂದಳು. ಕಾಶಪ್ಪನಿಗೆ ಎಂಟು ದಿನ ಅಂದದ್ದಷ್ಟೇ ಕೇಳಿಸಿತು. ಹೆಣ ಎದ್ದ ಮನೆಯೇ ಒಂದು ಕೈ ಸುಣ್ಣಕ್ಕೆ ಚೊಕ್ಕಾಗುತ್ತದೆ, ಇದೇನು ದೊಡ್ಡದು, ಸಂಜೆ ಅಯ್ಯನವರು ಬಂದು ಪಾದೋದಕ ಚಿಮುಕಿಸಿದರೆ ಮುಗೀತು ಎಂದ. ಆಗದಿದ್ದರೆ ಆರೂ ಮನೆಯ ಕೆಲಸ ಬಿಡು ಎಂದೂ ಸೇರಿಸಿದ.

ದೌಲತಬಿ ರೇಣವ್ವನ ಕಡೆ ತಿರುಗಿದಳು. ಗದ್ದ ಮೇಲೆತ್ತಿ, ಇಲ್ಲದ ಹೊಟ್ಟೆಯನ್ನು ಮುಂದೆ ಮಾಡಿ ಸವರಿಕೊಳ್ಳುತ್ತ, ಅಂದು ಓಣಿಯವರ ಬಾಯಿ ಮುಚ್ಚಿಸಿದ ಮಾತನ್ನು ಕಾಶಪ್ಪನದೇ ಗೊಗ್ಗರು ದನಿಯಲ್ಲಿ ಅಂದಳು: "ಬಣ್ಣ ಅಂದಮ್ಯಾಲೆ ವಾಸನಿ ಇರೂದ! ಹೂವಿನ ಅಂಗಡಿ ಇಟ್ಟಾನೇನು ಅಂವ?"

ರೇಣವ್ವ ನಕ್ಕಳು. ಅರ್ಧಕ್ಕೇ ನಿಲ್ಲಿಸಿ ಗಂಡನ ಮುಖ ನೋಡಿದಳು.

"ಈಕಿ ಹೇಳೂದು ಖರೆ ಏನ್ರಿ?" ಎಂದ ಗುರಪ್ಪ.

"ಮನಿ ಯಾರದಲೇ, ನಂದೋ ಈಕೀದೋ?" ಕಾಶಪ್ಪ ಬಕೀಟು ಎತ್ತಿದ. ದೌಲತಬಿ ಅಂಚಿಗೆ ಕೈಯೂರಿ ಹೊರಗೆ ಬಿದ್ದಳು. ಸುಣ್ಣ ಕುಣಿಯೊಳಕ್ಕೆ ಬಿತ್ತು.

ಹೊಗೆಯೇನೂ ಕಾಣಲಿಲ್ಲ. ಮೂಗಿಗೆ ಮೊಳೆ ಹೊಡೆದಂತಾಯಿತು, ಅಷ್ಟೇ. ಬಗ್ಗಿ ನೋಡುತ್ತಿದ್ದ ಕಾಶಪ್ಪನಿಗೇ ಮೊದಲ ಪಾಲು. ಧೋತರದ ಚುಂಗಿನಲ್ಲಿ ಮುಖ ಮುಚ್ಚಿಕೊಂಡು, ಗೋಡೆಗೆ ಹಾಯ್ದು, ಕೆಮ್ಮುತ್ತ ಓಣಿಗೆ ಬಿದ್ದ. ದೌಲತಬಿಯೇ ಅವನ ತಲೆ ಹಿಡಿದು ಕೊಡಪಾನದ ನೀರು ಸುರಿದು ಕಣ್ಣು ತೊಳೆದಳು. ಕೆಂಪು ಕಣ್ಣು ಅರೆತೆರೆದು ಅವನಾಡಿದ ಮೊದಲ ಮಾತು, ಬೆಳಗಾಗುವುದರೊಳಗೆ ಇದೆಲ್ಲ ಇಳಿಯುತ್ತದೆ, ನಾಳೆ ಮಗ್ಗ ಹೂಡದಿದ್ದರೆ ಮನೆ ಬೇರೆಯವರಿಗೆ ಎಂದು.

ದೌಲತಬಿ ಕೊಡಪಾನ ಕೆಳಗಿಟ್ಟಳು.

"ನಿಮ್ಮ ಕಣ್ಣಾಗಿಂದು ನಾ ತೊಳದೆ. ಅಕಿ ಹೊಟ್ಯಾಗಿಂದು ಯಾರು ತೊಳೀಬೇಕ್ರಿ?"

ಕಾಶಪ್ಪ ಗೋಡೆ ಹಿಡಿದುಕೊಂಡು ಮನೆಗೆ ಹೋದ.

ನಾತ ಇಳಿಯಲೆಂದು ಮಧ್ಯಾಹ್ನದವರೆಗೆ ಕಾದರು. ಆಮೇಲೆ ಗುರಪ್ಪ ಮೂಗಿಗೆ ಹಸಿ ಬಟ್ಟೆ ಸುತ್ತಿ ಗುದ್ದಲಿ ಎತ್ತಿಕೊಂಡ. ರೇಣವ್ವನನ್ನು ಎದುರುಮನೆಯ ಕಟ್ಟೆಯ ಮೇಲೆ ಕೂರಿಸಿದರು. ಅವನು ಅಗೆದ, ದೌಲತಬಿ ಹೊತ್ತಳು. ಬುಟ್ಟಿ ಹೊತ್ತವಳು ಊರ ಹೊರಗಿನ ಹಳ್ಳದ ದಾರಿ ಹಿಡಿಯಲಿಲ್ಲ. ಹಿಂದಿನ ಓಣಿಗೆ ತಿರುಗಿ ಕಾಶಪ್ಪನ ಅಂಗಳದ ನಡುವೆ ಸುರಿದಳು.

ಕಾಶಪ್ಪನ ಹೆಂಡತಿ ಇಂದ್ರಾಬಾಯಿ ಹೊರಸಿನ ಮೇಲೆ ಶ್ಯಾವಿಗಿ ಒಣಹಾಕಿ ಕಾಯುತ್ತ ಕುಳಿತಿದ್ದಳು. ಇದೇನೆಂದು ಕೇಳಿದಳು.

"ನಿಮ್ಮ ಬಾಡಗಿ ಮನಿ ಮಣ್ಣು, ಅಕ್ಕಾರ. ಇದರಿಂದ ಯಾರಿಗೂ ಏನೂ ಆಗೂದಿಲ್ಲ ಅಂತಾರ ಸಾವಕಾರ್ರು. ಇಲ್ಲೇ ಇರ್ಲಿ."

ಇಂದ್ರಾಬಾಯಿ ಗುಡ್ಡೆಯನ್ನು ನೋಡಿದಳು. ಒಳಗೆ ಕಣ್ಣಿಗೆ ಹಸಿ ಬಟ್ಟೆ ಹಾಕಿಕೊಂಡು ಮಲಗಿದ ಗಂಡನ ಕಡೆ ನೋಡಿದಳು. ಎರಡನೆಯ ಬುಟ್ಟಿ ಬಿತ್ತು, ಮೂರನೆಯದು ಬಿತ್ತು. ಅವಳು ಎದ್ದು ಹೊರಸನ್ನು ಎಳೆಯತೊಡಗಿದಳು. ಗುಡ್ಡೆಯಿಂದ ಬಾವಿಯ ಕಡೆಗೆ, ಬಾವಿಯಿಂದ ಆಚೆಗೆ ಕಾಂಪೌಂಡಿನ ಮೂಲೆಗೆ, ಅಂಗಳದ ದೂಳಿನಲ್ಲಿ ಹೊರಸಿನ ಕಾಲುಗಳ ಗೆರೆ ಉದ್ದವಾಗುತ್ತ ಹೋಯಿತು.