ಗಂಟೆಗೆ ನೂರಾ ನಾಲ್ಕು ಡಬ್ಬಿ

“ಅಷ್ಟು ಸಾಕಾಯ್ತೇನೇ ಹುಡುಗಿ, ಇಲ್ಲಾ ಇನ್ನೊಂಚೂರು ಜೋರಾಗಿ ಕೈ ಆಡಿಸಬೇಕಿತ್ತಾ?”

ಅಲ್ಜೀರಾ ಬಾಯಲ್ಲಿ ಬ್ರೆಡ್ಡು ಇಟ್ಟುಕೊಂಡೇ ಕೇಳಿದಳು. ಶುಕ್ರವಾರ, ಮಧ್ಯಾಹ್ನದ ಊಟದ ಬಿಡುವು. ಹಿಂದೆ ಈ ಹೆಂಗಸರ ಜೊತೆಯೇ ಕೂತಿದ್ದು ಈಗ ಕಾರ್ಖಾನೆಯ ಕಚೇರಿಯಲ್ಲಿರುವ ಲಿದಿಯಾ ತನ್ನ ಎಂಬಿಎ ಪ್ರಬಂಧದ ಪ್ರತಿಯನ್ನು ಮೇಜಿನ ಮೇಲೆ ಬಿಡಿಸಿ, ಕೃತಜ್ಞತೆಯ ಪುಟದಲ್ಲಿ ಅಚ್ಚಾಗಿದ್ದ ಹೆಸರುಗಳನ್ನು ಹೆಂಗಸರಿಗೆ ಒಂದೊಂದಾಗಿ ಓದಿ ಹೇಳುತ್ತಿದ್ದಳು. ನಲವತ್ತಾರು ಹೆಸರು. ಮತೊಝಿನ್ಯೋಸ್ ಬಂದರಿನ ಆ ಕಾರ್ಖಾನೆಯಲ್ಲಿ ಬೂತಾಯಿ ಮೀನಿನ ತಲೆ ಬಾಲ ಕತ್ತರಿಸಿ ಕೈಯಿಂದಲೇ ಡಬ್ಬಿಗೆ ಜೋಡಿಸುವ ಹೆಂಗಸರು ಒಟ್ಟು ಅಷ್ಟೇ ಮಂದಿ. ಒಬ್ಬರನ್ನೂ ಬಿಟ್ಟಿರಲಿಲ್ಲ. ಪುಸ್ತಕದಲ್ಲಿ ಅವರ ಹೆಸರು ಬಂದದ್ದು ಅದೇ ಮೊದಲು.

“ಯಾವುದು ಸಾಕಾಯ್ತು, ಚಿಕ್ಕಮ್ಮ?”

“ಅದೇ, ನೀನು ಗಡಿಯಾರ ಹಿಡ್ಕೊಂಡು ನಿಂತಿದ್ದೆಯಲ್ಲ, ಆ ಮೂರು ದಿನ.”

ಆಮೇಲೆ ಎಲ್ಲರೂ ಒಟ್ಟಿಗೆ ಹೇಳತೊಡಗಿದರು, ಹಬ್ಬದ ಅಡುಗೆಯ ಸಾಹಸ ಹೇಳಿಕೊಳ್ಳುವವರ ಹಾಗೆ. ಲಿದಿಯಾ ಮಾರ್ಚಿನಲ್ಲಿ ಬಂದು, ನನ್ನ ಪರೀಕ್ಷೆಗಾಗಿ ನಿಮ್ಮ ಕೆಲಸದ ವೇಗ ಅಳೀತೀನಿ, ಬೇಜಾರು ಮಾಡ್ಕೋಬೇಡಿ ಅಂದಿದ್ದಳಲ್ಲ. ನಮ್ಮ ಹುಡುಗಿಯ ಪರೀಕ್ಷೆ ಅಂದಮೇಲೆ ಸುಮ್ಮನಿರುವುದು ಹೇಗೆ? ಹಿಂದಿನ ದಿನವೇ ಒಂದೇ ಅಳತೆಯ ಮೀನು ಆರಿಸಿ ಬೇರೆ ಬುಟ್ಟಿಗಳಲ್ಲಿ ಮಂಜುಗಡ್ಡೆ ಹಾಕಿಟ್ಟರು. ಹೆಬ್ಬೆರಳು ನೋವಿನ ಎರ್ಮೀನಿಯಾ, ತಾನಿದ್ದರೆ ಲೆಕ್ಕ ಇಳಿಯುತ್ತದೆಂದು ಮೂರು ದಿನ ರಜೆ ಹಾಕಿದಳು. ಕೆಲಸದ ನಡುವೆ ಏಳುವುದೇ ಬೇಡವೆಂದು ಬೆಳಗಿನಿಂದ ಯಾರೂ ನೀರು ಕುಡಿಯಲಿಲ್ಲ. ಮೂರನೆಯ ದಿನ ಅಲ್ಜೀರಾಳ ಮಣಿಕಟ್ಟು ಬಾತುಕೊಂಡು ರಾತ್ರಿ ಚಮಚ ಎತ್ತುವುದಕ್ಕೂ ಆಗಿರಲಿಲ್ಲವಂತೆ.

“ಗಡಿಯಾರ ನಿಂತ ತಕ್ಷಣ ಇಪ್ಪತ್ತು ಜನ ಒಂದೇ ಸಲ ನಲ್ಲಿಗೆ ಓಡಿದ್ವಿ. ನೀನು ಅದನ್ನ ನೋಡ್ಲಿಲ್ಲ ಬಿಡು” ಎಂದು ಅಲ್ಜೀರಾ ನಕ್ಕಳು. “ಎಷ್ಟು ಬಂತು ಹೇಳು ಮತ್ತೆ?”

“ಚೆನ್ನಾಗಿ ಬಂದಿದೆ ಚಿಕ್ಕಮ್ಮ” ಎಂದಷ್ಟೇ ಹೇಳಿ ಲಿದಿಯಾ ಪ್ರಬಂಧವನ್ನು ಮುಚ್ಚಿದಳು. ಮುಚ್ಚಿದ ಪುಟಗಳೊಳಗೆ ಅಂಕಿ ಇತ್ತು. ಗಂಟೆಗೆ ತೊಂಬತ್ತೈದು ಡಬ್ಬಿ. ಅಷ್ಟೇ ಆಗಿದ್ದರೆ ಇನ್ನೂ ಒಂದು ರೀತಿ. ಅಳೆಯಲು ನಿಂತವರ ಎದುರು ಕೆಲಸಗಾರರು ಬೇಕೆಂದೇ ನಿಧಾನ ಮಾಡುತ್ತಾರೆ, ಆದ್ದರಿಂದ ಸಿಕ್ಕ ಲೆಕ್ಕಕ್ಕೆ ಸ್ವಲ್ಪ ಸೇರಿಸಿ ನೋಡಬೇಕು ಎಂದು ಪಠ್ಯಪುಸ್ತಕದಲ್ಲಿತ್ತು. ಅದನ್ನು ಅಡಿಗೆರೆ ಹಾಕಿ ಓದಿದ್ದ ಲಿದಿಯಾ ಶೇಕಡ ಹತ್ತು ಸೇರಿಸಿದ್ದಳು. ನೂರಾ ನಾಲ್ಕು.

ಮಾಮೂಲಿ ದಿನ ಅದೇ ಕೈಗಳಿಂದ ಬರುತ್ತಿದ್ದದ್ದು ಎಪ್ಪತ್ತು. ಅಂದರೆ ಮೂರರಲ್ಲೊಂದು ಭಾಗ ಶಕ್ತಿ ಪೋಲಾಗುತ್ತಿದೆ, ನಲವತ್ತಾರು ಜನರ ಕೆಲಸವನ್ನು ಮೂವತ್ತೊಂದು ಜನ ಮಾಡಬಹುದು, ಉಳಿದವರ ‘ಮರುನಿಯೋಜನೆ’ಯನ್ನು ಪರಿಶೀಲಿಸಬಹುದು ಎಂದು ಅವಳ ಕೊನೆಯ ಅಧ್ಯಾಯ ಹೇಳುತ್ತಿತ್ತು. ಮ್ಯಾನೇಜ್‌ಮೆಂಟಿನ ಪುಸ್ತಕಗಳಲ್ಲಿ ಮನೆಗೆ ಕಳಿಸುವುದಕ್ಕೆ ಇಂಥ ಮರ್ಯಾದಸ್ಥ ಮಾತುಗಳು ಬೇಕಾದಷ್ಟಿವೆ. ಬರೆಯುವಾಗ ಅವಳಿಗೂ ಅದು ಬರಿಯ ಮಾತೇ ಆಗಿತ್ತು.

ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಮನೆಯ ಮುಂದೆ ಎಂಜಿನಿಯರ್ ತೆಲ್ಲೆಸ್ ಅವರ ಕಾರು ಬಂದು ನಿಂತಿತು. ಕಾರ್ಖಾನೆಯ ನಿರ್ದೇಶಕರು ತಾವೇ ಕಾರು ಓಡಿಸಿಕೊಂಡು ಬಂದು ಉದ್ಯೋಗಿಯನ್ನು ವೈವಾಕ್ಕೆ ಕರೆದೊಯ್ಯುವುದೆಂದರೆ ಸಣ್ಣ ಮಾತಲ್ಲ. ಗಂಡ ನುನೊ ಕಿಟಕಿಯಿಂದ ನೋಡಿ, ನಿನ್ನ ಕುರ್ಚಿ ಗಟ್ಟಿಯಾಯಿತು ಬಿಡು ಎಂದು ಕೋಟು ತೊಡಿಸಿದ. ಅವಳಿಗೆ ತರಗತಿಗಳಿದ್ದ ಎರಡು ವರ್ಷ ಅವನು ಪ್ರತಿ ಶನಿವಾರ ಅಡುಗೆಮನೆ ಹೊತ್ತಿದ್ದ. ಮಗಳ ಹುಟ್ಟಿದ ಹಬ್ಬದ ಊಟ ಎರಡು ಸಲವೂ ಭಾನುವಾರಕ್ಕೆ ಜಾರಿತ್ತು. ಇವತ್ತು ಪಾಸಾದರೆ ಸೆಪ್ಟೆಂಬರಿನಿಂದ ಲಿದಿಯಾ ಉತ್ಪಾದನಾ ವ್ಯವಸ್ಥಾಪಕಿ. ಹತ್ತೊಂಬತ್ತನೆಯ ವಯಸ್ಸಿಗೆ ಕತ್ತರಿ ಹಿಡಿದು ಅಲ್ಜೀರಾಳ ಪಕ್ಕ ಕೂತವಳು ನಲವತ್ತೊಂದಕ್ಕೆ ಮಹಡಿಯ ಮೇಲಿನ ಕೋಣೆಗೆ ಏರುವವಳಿದ್ದಳು.

ಕಾರಿನಲ್ಲಿ ತೆಲ್ಲೆಸ್ ಒಳ್ಳೆಯ ಮನಸ್ಸಿನಲ್ಲಿದ್ದರು. ಪ್ರಬಂಧವನ್ನು ಎರಡು ಸಲ ಓದಿದೆ ಎಂದರು. ಲಿಸ್ಬನ್ನಿನ ಮಾಲೀಕರಿಗೂ ಕಳಿಸಿದ್ದರಂತೆ, ಅವರಿಗೂ ಮೆಚ್ಚಿಗೆಯಾಗಿದೆಯಂತೆ. ‘ಮರುನಿಯೋಜನೆ’ಯ ಹದಿನೈದು ಪತ್ರಗಳು ಸಿದ್ಧವಾಗಿವೆ, ಸೋಮವಾರ ಸಹಿ ಮಾಡಿ ಕೊಡುವುದಷ್ಟೇ ಬಾಕಿ, ಮೊದಲು ಅರವತ್ತು ದಾಟಿದವರು ಎಂದು ಅವರು ಸಿಗ್ನಲ್ಲಿನ ಕೆಂಪು ದೀಪ ನೋಡುತ್ತಾ ಹೇಳಿದರು. ಅಲ್ಜೀರಾಗೆ ಅರವತ್ತೆರಡು. ಪಿಂಚಣಿಗೆ ಇನ್ನೂ ನಾಲ್ಕು ವರ್ಷ ಇತ್ತು.

ಲಿದಿಯಾ ಅವರ ಕಡೆ ತಿರುಗಿದಳು. “ಎಂಜಿನಿಯರ್ ಸಾಹೇಬ್ರೇ, ಆ ಲೆಕ್ಕದಲ್ಲಿ ಒಂದು ತಪ್ಪಿರಬಹುದು.”

ತೆಲ್ಲೆಸ್ ನಕ್ಕರು. “ವೈವಾ ದಿನ ಬೆಳಗ್ಗೆ ಎಲ್ರಿಗೂ ಹಾಗೇ ಅನ್ಸುತ್ತೆ. ನಾನು ಓದುವಾಗ ನನಗೂ ಅನ್ಸಿತ್ತು. ಗಂಟಲಿಗೆ ಒಂದು ಕಾಫಿ ಬೀಳ್ಲಿ, ಸರಿಹೋಗುತ್ತೆ.”

ಅವರು ನಿಜಕ್ಕೂ ಕಾಫಿ ಕೊಡಿಸಿದರು. ಅದು ಸರಿಮಾಡಲಿಲ್ಲ. ಈಗಲೇ ಹೇಳಿಬಿಡಬೇಕು ಎಂದುಕೊಂಡಳು. ಮರುಕ್ಷಣವೇ, ಮೊದಲು ಪಾಸಾಗಿಬಿಡೋಣ, ವ್ಯವಸ್ಥಾಪಕಿಯಾದಮೇಲೆ ಒಳಗಿಂದಲೇ ಹೇಗಾದರೂ ತಡೆಯೋಣ ಎಂದೂ ಅಂದುಕೊಂಡಳು. ಎರಡನೆಯದು ಎಷ್ಟು ಹಿತವಾಗಿತ್ತೆಂದರೆ, ಕೋಣೆಯ ಬಾಗಿಲು ದಾಟುವವರೆಗೂ ಅದನ್ನೇ ಹಿಡಿದುಕೊಂಡಿದ್ದಳು.

ಕೋಣೆಯಲ್ಲಿ ಮೂವರು ಪರೀಕ್ಷಕರು. ನಡುವೆ ಕೂತಿದ್ದವರು ಪ್ರೊಫೆಸರ್ ಅಮಾರಲ್, ನರೆತ ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡ ಹೆಂಗಸು. ಎರಡು ವರ್ಷದಲ್ಲಿ ಯಾರನ್ನೂ ಗದರಿದ್ದು ಕೇಳಿದವರಿಲ್ಲ, ಆದರೂ ಇಡೀ ತರಗತಿಗೆ ಅವರೆಂದರೆ ಭಯ. ಹಿಂದಿನ ಸಾಲಿನಲ್ಲಿ ತೆಲ್ಲೆಸ್ ಕಾಲ ಮೇಲೆ ಕಾಲು ಹಾಕಿಕೊಂಡು ಕೂತರು. ಲಿದಿಯಾ ಇಪ್ಪತ್ತು ನಿಮಿಷ ಮಾತಾಡಿದಳು. ಬಾಯಿಪಾಠ ಚೆನ್ನಾಗಿಯೇ ಬಂತು. ಗೋಡೆಯ ಮೇಲೆ ಚಾರ್ಟುಗಳು ಒಂದಾದಮೇಲೊಂದು ಬಂದು ಹೋದವು. ನೂರಾ ನಾಲ್ಕು ಎಂಬ ಅಂಕಿ ಹಸಿರು ಬಣ್ಣದಲ್ಲಿ ಬಂದಾಗ ಅದನ್ನು ನೋಡದೆ ಮುಂದಕ್ಕೆ ಒತ್ತಿದಳು.

ಮೊದಲಿಬ್ಬರ ಪ್ರಶ್ನೆಗಳು ಸುಲಭವಾಗಿದ್ದವು. ಅಮಾರಲ್ ಪುಟ ಮಗುಚಿ ಮೊದಲ ಅಧ್ಯಾಯಕ್ಕೆ ಹಿಂದಿರುಗಿದರು.

“ಪರಿಚಯದಲ್ಲಿ ನೀವೂ ಎಂಟು ವರ್ಷ ಅದೇ ಕೆಲಸ ಮಾಡಿದ್ದೆ ಅಂತ ಬರ್ದಿದ್ದೀರಿ. ಗಂಟೆಗೆ ಎಷ್ಟು ತುಂಬ್ತಿದ್ರಿ?”

“ಎಪ್ಪತ್ತು, ಪ್ರೊಫೆಸರ್. ಕೈ ಕೂಡಿಬಂದ ದಿನ ಎಪ್ಪತ್ತೈದು.”

“ಮತ್ತೆ ಇಲ್ಲಿ ನೂರಾ ನಾಲ್ಕು ಅಂತ ಬಂದಾಗ ನಿಮಗೆ ಏನನ್ನಿಸ್ತು?”

ಉತ್ತರ ಬಾಯಿಯ ತುದಿಯಲ್ಲೇ ಇತ್ತು. ಉಪಕರಣ ಸುಧಾರಿಸಿದೆ, ಮೇಜಿನ ಎತ್ತರ ಬದಲಾಗಿದೆ, ಹೀಗೆ ಏನಾದರೂ. ಅಮಾರಲ್ ಅವಳನ್ನೇ ನೋಡುತ್ತಿದ್ದರು. ಲಿದಿಯಾಗೆ ಅಲ್ಜೀರಾಳ ಬಾತ ಮಣಿಕಟ್ಟು ಕಣ್ಣಿಗೆ ಕಟ್ಟಿತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

“ಖುಷಿಯಾಯ್ತು” ಎಂದಳು.

ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಆಮೇಲೆ ಅವಳು ನಿಲ್ಲಿಸಲಿಲ್ಲ. ಆರಿಸಿಟ್ಟ ಮೀನು, ರಜೆ ಹಾಕಿದ ಎರ್ಮೀನಿಯಾ, ಕುಡಿಯದೇ ಬಿಟ್ಟ ನೀರು, ಎಲ್ಲವನ್ನೂ ಹೇಳಿದಳು. ಇದು ತನಗೆ ಗೊತ್ತಾದದ್ದು ನಿನ್ನೆ ಮಧ್ಯಾಹ್ನ, ಆದರೂ ಈಗ ಇಪ್ಪತ್ತು ನಿಮಿಷ ಗೊತ್ತಿದ್ದೇ ಮಾತಾಡಿದೆ ಎಂದೂ ಹೇಳಿದಳು.

“ಅವರು ನಿಮಗೋಸ್ಕರ ಕೈ ಮುರಿದು ಕೆಲಸ ಮಾಡಿದ್ರು” ಎಂದರು ಅಮಾರಲ್. “ಅದರ ಮೇಲೆ ನೀವು ಶೇಕಡ ಹತ್ತು ಸೇರಿಸಿದ್ರಿ.”

“ಹೌದು. ಅವರು ಮೈಗಳ್ಳತನ ಮಾಡ್ತಾರೆ ಅಂತ.”

ಅವಳನ್ನು ಹೊರಗೆ ಕೂರಿಸಿ ಅರ್ಧ ಗಂಟೆ ಚರ್ಚೆ ನಡೆಯಿತು. ಕೊನೆಗೆ ಅಮಾರಲ್ ತಾವೇ ಬಾಗಿಲಿಗೆ ಬಂದು ತೀರ್ಮಾನ ತಿಳಿಸಿದರು. ಪ್ರಬಂಧ ಹಾಗೆಯೇ ಅಂಗೀಕಾರವಾಗುವುದಿಲ್ಲ. ಮತ್ತೆ ಅಳೆದು, ಮತ್ತೆ ಬರೆದು ಫೆಬ್ರವರಿಯಲ್ಲಿ ಬರಬೇಕು. ಸದ್ಯಕ್ಕೆ ಪದವಿ ಇಲ್ಲ.

ಓಣಿಯ ಕೊನೆಯಲ್ಲಿ ತೆಲ್ಲೆಸ್ ಕೋಟನ್ನು ಕೈಮೇಲೆ ಹಾಕಿಕೊಂಡು ನಿಂತಿದ್ದರು. ಅವರ ಮುಖ ಕೆಂಪಾಗಿತ್ತು, ಆದರೆ ದನಿ ಏರಲಿಲ್ಲ.

“ನನಗೆ ಕಾರಿನಲ್ಲೇ ಬಿಡಿಸಿ ಹೇಳ್ಬಹುದಿತ್ತು.”

“ಹೇಳೋಕೆ ಹೊರಟೆ. ನೀವು ಕಾಫಿ ಕೊಡಿಸಿದ್ರಿ. ನಾನೂ ಕುಡ್ದು ಸುಮ್ಮನಾದೆ.”

ತೆಲ್ಲೆಸ್ ಕಿಟಕಿಯ ಕಡೆ ತಿರುಗಿದರು. ಸುಳ್ಳು ಅಂಕಿಯ ಮೇಲೆ ತಾವು ಸಹಿ ಹಾಕುವವರಲ್ಲ ಎಂದರು. ಆದರೆ ಪತ್ರಗಳನ್ನು ಹರಿದುಹಾಕುವುದೂ ಇಲ್ಲ, ಅವು ಮೇಜಿನ ಖಾನೆಯಲ್ಲೇ ಇರುತ್ತವೆ. ಸರಿಯಾದ ಲೆಕ್ಕ ತನ್ನಿ, ಅದರಲ್ಲೂ ಮೂವತ್ತೊಂದೇ ಬಂದರೆ ಅದೇ ದಿನ ಸಹಿ. ಸೆಪ್ಟೆಂಬರಿನ ಕುರ್ಚಿಗೆ ಬೇರೆಯವರನ್ನು ಹುಡುಕಬೇಕಾಗುತ್ತದೆ. ಇಷ್ಟು ಹೇಳಿ ಮೆಟ್ಟಿಲಿಳಿದು ಹೋದರು. ಲಿದಿಯಾ ಮೆಟ್ರೋ ಹಿಡಿದು ಮನೆಗೆ ಬಂದು, ನುನೊ ಬಾಗಿಲು ತೆರೆದ ಕೂಡಲೇ ಹೊಸ್ತಿಲಲ್ಲೇ ಅತ್ತಳು.

ಸೋಮವಾರ ಬೆಳಗ್ಗೆ ಮೀನು ಬಂದ ಸೈರನ್ ಕೂಗುವುದಕ್ಕೂ ಮುಂಚೆ ಮೇಜಿನ ಮೇಲೆ ಕಾಗದದಲ್ಲಿ ಸುತ್ತಿದ ದೊಡ್ಡ ಕೇಕು ಕಾದಿತ್ತು. ಅಲ್ಜೀರಾ ಹನ್ನೆರಡು ಮೊಟ್ಟೆ ಒಡೆದು ಮಾಡಿದ್ದಂತೆ. ಲಿದಿಯಾ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ನೂರಾ ನಾಲ್ಕು, ಮೂವತ್ತೊಂದು, ಹದಿನೈದು ಪತ್ರ, ಯಾವುದನ್ನೂ ಮರ್ಯಾದಸ್ಥ ಮಾತಿನಲ್ಲಿ ಸುತ್ತಲಿಲ್ಲ. ಹೇಳುವಾಗ ಎರ್ಮೀನಿಯಾಳ ಕಡೆ ನೋಡಲಾಗಲಿಲ್ಲ.

ಅಲ್ಜೀರಾ ಕೇಕಿನ ಕಾಗದವನ್ನು ಮಡಚಿ ಮಡಚಿ ಅಂಗೈಯಗಲ ಮಾಡಿದಳು.

“ನಮ್ಮ ಹೆಸರು ಹಾಕಿ, ನಮ್ಮನ್ನೇ ಮನೆಗೆ ಕಳಿಸೋಕೆ ಹೊರಟಿದ್ಯಲ್ಲೇ.”

“ಹೌದು ಚಿಕ್ಕಮ್ಮ.”

“ಮೂರು ದಿನ ನೀರು ಕುಡೀಲಿಲ್ಲ ಕಣೇ ನಾವು.”

ಸೈರನ್ ಕೂಗಿತು. ಮೀನಿನ ಬುಟ್ಟಿಗಳು ಉರುಳುಗಾಡಿಯ ಮೇಲೆ ಒಳಗೆ ಬಂದವು, ದೊಡ್ಡದು ಸಣ್ಣದು ಎಲ್ಲ ಒಂದರಲ್ಲೇ ಕಲಸಿಕೊಂಡು. ಇವತ್ತಿನಿಂದ ಮತ್ತೆ ಅಳೆಯಬೇಕು, ಜೋರೂ ಬೇಡ, ಬೇಕೆಂದೇ ನಿಧಾನವೂ ಬೇಡ, ಯಾವಾಗಿನ ಹಾಗೆ ಮಾಡಿ ಎಂದು ಅವಳು ಕೇಳಿಕೊಂಡಳು. ಒಬ್ಬೊಬ್ಬರಾಗಿ ಕೂತರು. ಎರ್ಮೀನಿಯಾ ಕೂಡ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂತಳು. ಲಿದಿಯಾ ಸ್ಟಾಪ್‌ವಾಚಿನ ಗುಂಡಿ ಒತ್ತಿದಳು.

ಯಾವಾಗಿನ ಹಾಗೆ ಎಂದರೆ ಹೇಗೆ ಎಂಬುದೇ ಅವರಿಗೆ ಮರೆತಂತಿತ್ತು. ಕತ್ತರಿಗಳು ಒಂದು ಕ್ಷಣ ಓಡಿದವು, ಒಂದು ಕ್ಷಣ ನಿಂತವು. ಹಾಡಿಲ್ಲ, ಹರಟೆಯಿಲ್ಲ. ನಲವತ್ತಾರು ಜನ ತಲೆ ಬಗ್ಗಿಸಿಕೊಂಡು, ಪಕ್ಕದವಳ ಡಬ್ಬಿಯನ್ನು ಓರೆಗಣ್ಣಿನಿಂದ ನೋಡುತ್ತಿದ್ದರು. ಹತ್ತು ನಿಮಿಷವಾಯಿತು. ಹದಿನೈದಾಯಿತು. ಲಿದಿಯಾಳ ಬೆರಳು ಗುಂಡಿಯ ಮೇಲೇ ಇತ್ತು.

ಆಗ ಅಲ್ಜೀರಾ ಕತ್ತರಿ ಕೆಳಗಿಟ್ಟಳು. ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು, ಮೊಣಕಾಲು ಹಿಡಿದು ನಿಧಾನವಾಗಿ ಎದ್ದು, ಮೇಜುಗಳ ನಡುವಿನಿಂದ ಗೋಡೆಯ ನಲ್ಲಿಯತ್ತ ನಡೆದಳು. ಎಲ್ಲರ ಕೈಯೂ ನಿಂತಿತು. ಅವಳು ಲೋಟ ತೊಳೆದು, ತುಂಬಿಸಿ, ಲಿದಿಯಾಳ ಮುಖ ನೋಡುತ್ತಾ ಪೂರ್ತಿ ಕುಡಿದಳು. ಆಮೇಲೆ ಇನ್ನೊಂದು ಲೋಟ ತುಂಬಿಸಿದಳು. ನೀರಿನ ಹೊತ್ತೂ ಲೆಕ್ಕಕ್ಕೆ ಸೇರಲಿ ಎಂದು ಲಿದಿಯಾ ಬೆರಳನ್ನು ಗುಂಡಿಯಿಂದ ತೆಗೆದಳು. ಅವಳ ಕೈಯ ಗಡಿಯಾರದಲ್ಲಿ ಅಂಕಿಗಳು ಓಡುತ್ತಲೇ ಇದ್ದವು.